ತಳವಿಲ್ಲದ ಹೊಳೆ

“ಏಯ್ ಮೂರನೇವ್ನೆ, ನಿಂದೇನು ತಲೆನೋ ಸೋರೆಬುರುಡೆನೋ? ಮುಳುಗ್ಸು ಅಂದ್ರೆ ತೇಲುಸ್ತೀಯಲ್ಲೋ, ಹಾದರಕ್ಕೆ ಹುಟ್ದೋನೆ.”

ಮೂರನೆಯವನು ನಾನು. ಜಿಬಾ ಅಂತ ನನಗೊಂದು ಹೆಸರಿದೆ, ಆದರೆ ಹಲಗೆಯ ಕೆಳಗೆ ಹೋದ ಮೇಲೆ ಹೆಸರಿಗೆ ಕೆಲಸವಿಲ್ಲ. ನೀರುಕುದುರೆ ಚರ್ಮದ ಚಾವಟಿ ಹಿಡಿದು ದಡದಲ್ಲಿ ನಿಂತಿದ್ದ ಬಾಲಾಮಿನ್ ನಮ್ಮನ್ನು ಒಂದನೆಯವನು, ಎರಡನೆಯವನು ಅಂತಲೇ ಕರೆಯುತ್ತಿದ್ದ. ಅವನು ಜೆಂಕೊ ರೇವಿನ ಅಧಿಕಾರಿ. ಉಸಿರಾಡುವ ಜೊಂಡಿನ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಾನು ಮತ್ತೆ ಮುಳುಗಿದೆ. ನೀರಿನೊಳಗೂ ಅವನ ಬೈಗುಳ ಕೇಳುತ್ತಲೇ ಇತ್ತು.

ನಾವು ಉಪ್ಪು ಹೊರುವವರು. ಮರಳುಗಾಡಿನಿಂದ ಒಂಟೆಗಳ ಮೇಲೆ ಬರುವ ಉಪ್ಪಿನ ಚಪ್ಪಡಿಗಳನ್ನು ತಲೆಯ ಮೇಲೆ ಹೊತ್ತು ದೋಣಿಗೆ ತುಂಬುವುದು, ತೆಂಕಣ ಕಾಡಿನಿಂದ ಬಂದ ಚಿನ್ನದ ಚೀಲ, ಕೋಲಾಕಾಯಿ ಬುಟ್ಟಿಗಳನ್ನು ದೋಣಿಯಿಂದ ಇಳಿಸುವುದು, ಇದೇ ಕೆಲಸ. ಸೊರಂಬಾ ರಾಜ್ಯ ನಿಂತಿರುವುದೇ ಈ ಎರಡು ವ್ಯಾಪಾರದ ಮೇಲೆ. ಉಪ್ಪು ಹೊತ್ತು ಹೊತ್ತು ನಮ್ಮ ನೆತ್ತಿಯ ಕೂದಲು ಉದುರಿಹೋಗಿರುತ್ತದೆ, ಅದನ್ನು ನೋಡಿದರೇ ಕುಲ ಗೊತ್ತಾಗುತ್ತದೆ. ಅರಸ ಹಾದುಹೋಗುವಾಗ ಊರವರೆಲ್ಲ ತಲೆಗೆ ಮಣ್ಣು ಸುರಿದುಕೊಂಡು ನಮಸ್ಕರಿಸುತ್ತಾರೆ. ನಮಗೆ ಅದಕ್ಕೂ ಅಪ್ಪಣೆಯಿಲ್ಲ. ನಾವು ಬೆನ್ನು ತಿರುಗಿಸಿ ನಿಲ್ಲಬೇಕು.

ಅರಸ ಸುಂಬಾ ಜಾರಾ ಯುದ್ಧದ ಗಂಡೇ ಹೌದು, ಅದರಲ್ಲಿ ಸುಳ್ಳಿಲ್ಲ. ಏಳು ಊರು ಗೆದ್ದವನು. ಎಡಗೆನ್ನೆಯ ಮೇಲೆ ಬಾಣದ ಗಾಯ ಕಪ್ಪೆಯಂತೆ ಕೂತಿದೆ. ಆದರೆ ಅವನನ್ನು ದೇವರ ಸಮಕ್ಕೆ ಏರಿಸಿದ್ದು ಒಂದೇ ಕಥೆ. ಬಾಂಕೊ ಊರಿನವರ ಮೇಲೆ ದಂಡೆತ್ತಿ ಹೋದಾಗ ಅವನು ತಳವಿಲ್ಲದ ಹೊಳೆಯನ್ನು ನೀರಿನ ಮೇಲೆ ನಡೆದೇ ದಾಟಿದ, ಅದನ್ನು ನೋಡಿದ ಶತ್ರುಗಳು ಕತ್ತಿ ಬಿಸಾಕಿ ಓಡಿದರು, ಎಂಬುದು ಆ ಕಥೆ. ಅಂದಿನಿಂದ ಆ ಜಾಗದಲ್ಲಿ ಬೇರೆ ಯಾರೂ ಹೊಳೆಗೆ ಕಾಲಿಡುವಂತಿಲ್ಲ. ಇಟ್ಟರೆ ಹೊಳೆ ನುಂಗುತ್ತದೆ, ನುಂಗದಿದ್ದರೆ ಕಾವಲಿನವರು ನೋಡಿಕೊಳ್ಳುತ್ತಾರೆ. ಆಚೆ ದಡಕ್ಕೆ ಹೋಗುವವರೆಲ್ಲ ಅರಸನ ದೋಣಿಯನ್ನೇ ಹಿಡಿಯಬೇಕು.

ನಮ್ಮಲ್ಲಿ ಹಿರಿಯನಾದ ದೊಂಬಾ ತಾತ ಆ ದಂಡಿನಲ್ಲಿ ಉಪ್ಪು ಹೊತ್ತುಕೊಂಡು ಹೋಗಿದ್ದವನು. ಅವನು ಹೇಳುವ ಕಥೆ ಚಿಕ್ಕದು. ಅದು ಬೇಸಗೆ, ನೀರು ಸೊಂಟದ ಮಟ್ಟ ಇತ್ತು, ಮುನ್ನೂರು ಜನ ದಾಟಿದರು, ಶತ್ರುಗಳು ಮಲಗಿದ್ದರು.

ಪ್ರತಿ ವರ್ಷ ನೀರು ಇಳಿದಾಗ, ಬಡಗಣ ದೇಶದ ಒಂಟೆ ವರ್ತಕರೆಲ್ಲ ಊರಿನಲ್ಲಿ ಸೇರಿರುವಾಗ, ಅರಸ ಮತ್ತೆ ಹೊಳೆಯ ಮೇಲೆ ನಡೆಯುವ ಹಬ್ಬವಿರುತ್ತದೆ. ಅದಕ್ಕೇ ನಾವು ಎಂಟು ಜನ. ಕೆಸರಿನ ಬಣ್ಣ ಬಳಿದ ಅಗಲವಾದ ಹಲಗೆಯೊಂದನ್ನು ತಲೆಯ ಮೇಲೆ ಹೊತ್ತು, ಮಂಡಿ ಮಡಚಿ, ನೀರಿನೊಳಗೆ ಕುಕ್ಕರುಗಾಲಿನಲ್ಲಿ ನಡೆಯಬೇಕು. ಹಲಗೆ ನೀರಿನಿಂದ ನಾಲ್ಕು ಬೆರಳು ಕೆಳಗಿರುತ್ತದೆ, ಅದರ ಅಂಚಿಗೆ ಜೊಂಡುಹುಲ್ಲು ಕಟ್ಟಿರುತ್ತಾರೆ, ನಮ್ಮ ಉಸಿರಿನ ಕೊಳವೆಗಳು ಆ ಹುಲ್ಲಿನ ನಡುವೆ ಅಡಗಿರುತ್ತವೆ. ಹೊಳೆಯ ತಳದಲ್ಲಿ ಈ ದಡದಿಂದ ನಡುವಿನ ಮರಳುದಿಬ್ಬದವರೆಗೆ ಒಂದು ಹಗ್ಗ ಎಳೆದಿದ್ದಾರೆ. ಕಣ್ಣು ಕಾಣದ ಆ ರಾಡಿಯಲ್ಲಿ ಹಗ್ಗವನ್ನು ಕಾಲ್ಬೆರಳಲ್ಲಿ ತಡವಿಕೊಂಡು ಹೋಗುವುದು. ಮೇಲೆ ಅರಸ ನಿಂತಲ್ಲೇ ಕಾಲೆತ್ತಿ ಕಾಲಿಡುತ್ತಾ ನಡೆದಂತೆ ಮಾಡುತ್ತಾನೆ. ಅವನ ಒಂದೊಂದು ಹೆಜ್ಜೆಯೂ ನಮ್ಮ ತಲೆಬುರುಡೆಗೆ ತಿಳಿಯುತ್ತದೆ.

ಹೋದ ವರ್ಷ ಅರ್ಧ ಹೊಳೆಯಲ್ಲಿ ಫಾಬುವಿನ ಕೊಳವೆಗೆ ಏನೋ ಸಿಕ್ಕಿಕೊಂಡಿತು. ಅವನು ಎಂಟನೆಯವನು, ಹಿಂದಿನ ಸಾಲಿನ ಕೊನೆಯಲ್ಲಿದ್ದ. ಎದ್ದು ನಿಂತಿದ್ದರೆ ನೀರು ಅವನ ಎದೆಗೆ ಬರುತ್ತಿತ್ತು, ಒಂದು ಗುಟುಕು ಗಾಳಿ ಸಿಗುತ್ತಿತ್ತು. ಎದ್ದರೆ ಎಂಟು ತಲೆಯೂ ಹೋಗುತ್ತದೆ ಅಂತ ಬಾಲಾಮಿನ್ ಮೊದಲೇ ಹೇಳಿದ್ದ. ಫಾಬು ಏಳಲಿಲ್ಲ. ಮರಳುದಿಬ್ಬದ ಹಿಂದೆ ಅರಸನನ್ನು ಇಳಿಸುವವರೆಗೂ ಅವನ ಮೂಲೆಯ ಹಲಗೆ ಬಗ್ಗಲಿಲ್ಲ. ಅದು ಹೇಗೆ ಸಾಧ್ಯವಾಯಿತೋ ನನಗೆ ಗೊತ್ತಿಲ್ಲ. ಹಲಗೆ ಕೆಳಗಿಟ್ಟು ನೋಡಿದಾಗ ಅವನ ಕೈಬೆರಳುಗಳನ್ನು ಮರದಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಅವನನ್ನು ಉಪ್ಪಿನ ದೋಣಿಯಲ್ಲಿ ಚಾಪೆಯ ಕೆಳಗೆ ಹಾಕಿ ಎಲ್ಲಿಗೋ ಸಾಗಿಸಿದರು. ಅವನ ಹೆಂಡತಿ ಸಾನಾಬಾ ಹೆಣ ಕೇಳಲು ಹೋದಾಗ ನಾನು ಜೊತೆಗಿದ್ದೆ. ಬಾಲಾಮಿನ್ ಅಂಗಳದಲ್ಲಿ ಕೂತು ಹುರಿದ ಮೀನು ತಿನ್ನುತ್ತಿದ್ದ. ಮುಳ್ಳನ್ನು ನಾಲಗೆಯಲ್ಲಿ ಬಿಡಿಸುತ್ತಾ, ಎಲ್ಲಿ ಸತ್ತ ನಿನ್ನ ಗಂಡ ಅಂತ ಕೇಳಿದ.

“ನೀರ್ ಕೆಳಗೆ, ಬುದ್ದಿ.”

“ನೀರ ಕೆಳಗೆ ಯಾರಿದ್ರು? ಅರಸರು ನೀರ ಮೇಲೆ ನಡೆದ್ರು. ಊರೆಲ್ಲ ನೋಡಿದೆ. ಕೆಳಗೆ ಯಾರೂ ಇರಲಿಲ್ಲ. ಇಲ್ದೇ ಇರೋನು ಹ್ಯಾಗೆ ಸಾಯ್ತಾನೆ ಹೇಳು ಮುಂಡೆ.”

ಮುಂಡೆ ಅಂದನೇ ಹೊರತು ಅವಳನ್ನು ಮುಂಡೆಯಾಗಲೂ ಬಿಡಲಿಲ್ಲ. ಫಾಬು ಓಡಿಹೋದ ಅಂತ ಸಾರಿಸಿದರು. ಓಡಿಹೋದವನ ಹೆಂಡತಿ ತಲೆ ಬೋಳಿಸಿಕೊಳ್ಳುವಂತಿಲ್ಲ, ಬಿಳಿ ಬಟ್ಟೆ ಉಡುವಂತಿಲ್ಲ, ನಮ್ಮ ಕೇರಿಯ ಹೆಂಗಸರು ಸೇರಿ ಸತ್ತವನ ಹೆಸರು ಹಿಡಿದು ಕೂಗಿ ಅಳುವಂತಿಲ್ಲ. ಅವನು ಹೊರಬೇಕಾಗಿದ್ದ ಉಪ್ಪು ಅವಳ ತಲೆಗೆ ಬಂತು. ಇಡೀ ವರ್ಷ ಹೊತ್ತಳು. ಅವಳ ನೆತ್ತಿಯೂ ನಮ್ಮದರ ಹಾಗೇ ಆಯಿತು.

ಈ ವರ್ಷ ಎಂಟನೆಯವನ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ಚಾವಟಿ ತೋರಿಸಿ ನಿಲ್ಲಿಸಿದ ಇಬ್ಬರ ಎತ್ತರ ಸಾಲದೆ ಹಲಗೆ ಓರೆಯಾಯಿತು. ಆಗ ಸಾನಾಬಾ ದಡದಿಂದ ಇಳಿದು ಬಂದಳು. ಅವಳು ಫಾಬುವಿಗಿಂತ ಒಂದು ಬೆರಳು ಉದ್ದ. ಬಾಲಾಮಿನ್ ಅವಳನ್ನು ಮೇಲಿನಿಂದ ಕೆಳಗಿನವರೆಗೆ ಸಾವಕಾಶವಾಗಿ ನೋಡಿದ.

“ಏಳು ಗಂಡಸರ ಮಧ್ಯ ಮುಳುಗಿರ್ತೀಯಾ? ಒಳ್ಳೇ ಮಜಾನೇ ಬಿಡು ನಿಂಗೆ.”

“ಮೇಲೆ ಇನ್ನೊಬ್ರು ಇರ್ತಾರಲ್ಲ ಬುದ್ದಿ, ಎಂಟು,” ಅಂದಳು ಸಾನಾಬಾ.

ಅರಸನನ್ನೂ ಸೇರಿಸಿ ಎಣಿಸಿದ್ದಕ್ಕೆ ನಗಬೇಕೋ ಹೊಡೆಯಬೇಕೋ ತಿಳಿಯದೆ ಬಾಲಾಮಿನ್ ಉಗುಳಿದ. ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ಅವನಿಗೆ ಬೇರೆ ದಾರಿಯಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹೊಳೆಯ ಅಂಚಿನ ಬಾವೊಬಾಬ್ ಮರದಡಿ ಸಜ್ಜೆ ಅಂಬಲಿ ಕುಡಿಯುತ್ತಾ ಕೂತಿದ್ದೆವು. ಸಾನಾಬಾ ಅಂಬಲಿಯ ಸೋರೆಬುರುಡೆಯನ್ನು ಕೆಳಗಿಟ್ಟು, ನಿಮ್ಮನ್ನೆಲ್ಲ ಒಂದು ಮಾತು ಕೇಳಬೇಕು ಅಂದಳು. ಅರಸನಿಗೆ ಏನಾದರೂ ಮಾಡೋಣ ಅನ್ನುತ್ತಾಳೆ ಅಂತ ಅಂದುಕೊಂಡೆ. ಅವಳು ಕೇಳಿದ್ದು ಅದಲ್ಲ.

“ನಡುಹೊಳೇಲಿ ಎಲ್ರೂ ಎದ್ದು ನಿಂತ್ಕಂಡ್ರೆ ಏನಾಯ್ತದೆ?”

“ಎದ್ದು ನಿಂತು?” ಅಂದೆ.

“ನಿಂತ್ಕಳದು, ಅಷ್ಟೇಯ. ಯಾರನ್ನೂ ಹೊಡಿಯದು ಬ್ಯಾಡ, ಬೈಯದು ಬ್ಯಾಡ. ಬೆನ್ನು ನೋಯ್ತು, ನಿಂತ್ಕಂಡೊ.”

ದೊಂಬಾ ತಾತ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಅವನಿಗೆ ನಗು ಹತ್ತಿತು. ನಕ್ಕು ನಕ್ಕು ಅಂಬಲಿ ಮೂಗಿನಿಂದ ಬಂತು, ನಾವು ಬೆನ್ನು ತಟ್ಟಬೇಕಾಯಿತು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ನನಗೆ ಎಪ್ಪತ್ತಾಯಿತು, ಕುಕ್ಕರುಗಾಲಿನಲ್ಲಿ ಸಾಯುವುದಕ್ಕಿಂತ ನೆಟ್ಟಗೆ ನಿಂತು ಸಾಯುವುದೇ ಮೇಲು ಅಂದ. ಉಳಿದವರು ಬೇಡವೆಂದರು. ತಲೆ ಹೋಗುತ್ತದೆ, ಮಕ್ಕಳನ್ನು ಮರಳುಗಾಡಿಗೆ ಮಾರುತ್ತಾರೆ ಅಂದರು. ನಾನೂ ಅವರ ಜೊತೆಗೇ ಇದ್ದೆ, ಸುಳ್ಳು ಹೇಳುವುದಿಲ್ಲ. ಸಾನಾಬಾ ಯಾರನ್ನೂ ಒತ್ತಾಯಿಸಲಿಲ್ಲ. ನಡುಹೊಳೆಯಲ್ಲಿ ತಾನು ಹಲಗೆಯನ್ನು ಮೂರು ಸಲ ತಟ್ಟುತ್ತೇನೆ, ಆಗ ಯಾರಿಗೆ ಏಳಬೇಕು ಅನ್ನಿಸುತ್ತದೋ ಅವರು ಎದ್ದರೆ ಸಾಕು ಅಂದಳು. ಒಬ್ಬರೇ ಎದ್ದರೆ ಹಲಗೆ ವಾಲುತ್ತದೆ, ಅರಸ ಬೀಳುತ್ತಾನೆ, ಎಲ್ಲರ ತಲೆಯೂ ಹೋಗುತ್ತದೆ. ಎಲ್ಲರೂ ಎದ್ದರೆ ಹಲಗೆ ಸಮನಾಗಿರುತ್ತದೆ. ಇಷ್ಟು ಹೇಳಿ ಅವಳು ಬುರುಡೆ ತೊಳೆಯಲು ಹೋದಳು. ಒತ್ತಾಯ ಮಾಡಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ ಅಂತ ಆಮೇಲೆ ಹೊಳೆಯಿತು.

ಹಬ್ಬದ ಬೆಳಿಗ್ಗೆ ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಿ ಮುಸುಕಿನ ಒಂಟೆ ವರ್ತಕರು ಮುಂದಿನ ಸಾಲಿನಲ್ಲಿ, ಅವರ ಹಿಂದೆ ಊರವರು, ಕೊನೆಯಲ್ಲಿ ಅಗಸಗಿತ್ತಿಯರು, ಮೀನು ಮಾರುವವರು, ನಮ್ಮ ಕೇರಿಯ ಹೆಂಗಸರು. ಕತ್ತಲಿರುವಾಗಲೇ ಹಲಗೆಯನ್ನು ಜೊಂಡಿನ ಮರೆಯಲ್ಲಿ ಇಳಿಸಿ ನಾವು ಕೆಳಗೆ ಸೇರಿಕೊಂಡಿದ್ದೆವು. ಕೊಳವೆಯ ತೂತಿನಿಂದ ಗಾಳಿಯ ಜೊತೆಗೆ ಡೋಲಿನ ಸದ್ದೂ ಬರುತ್ತಿತ್ತು. ಜೊತೆಗೆ ಮಾದಿಯ ದನಿ. ಮಾದಿಯನ್ನು ಎಲ್ಲರೂ ಅರಸನ ಬಾಯಿ ಅನ್ನುತ್ತಾರೆ. ಅರಸ ಎಂದೂ ಜನರೆದುರು ಮಾತಾಡುವುದಿಲ್ಲ, ಮಾದಿಯ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ಮಾದಿ ಅದನ್ನು ಹತ್ತರಷ್ಟು ಮಾಡಿ ಕೂಗುತ್ತಾನೆ. ಸುಂಬಾ ಜಾರಾನ ದನಿ ಹೇಗಿದೆ ಅಂತ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಲಗೆ ಭಾರವಾಯಿತು. ಹೊರಟೆವು. ಈ ಸಲ ಅವನು ಹೋದ ವರ್ಷಕ್ಕಿಂತ ದಪ್ಪಗಾಗಿದ್ದ.

ಹಗ್ಗವನ್ನು ತಡವುತ್ತಾ ಹೆಜ್ಜೆ ಎಣಿಸಿದೆ. ನೂರಾದ ಮೇಲೆ ಎಣಿಕೆ ತಪ್ಪಿತು. ಆಗ ಹಿಂದಿನಿಂದ ಮರ ತಟ್ಟಿದ್ದು ತಲೆಬುರುಡೆಯಲ್ಲೇ ಕೇಳಿಸಿತು. ಒಂದು. ಎರಡು. ನಾನು ಏಳಬಾರದು ಅಂದುಕೊಂಡೆ. ಮೂರು. ಪಕ್ಕದಲ್ಲಿ ದೊಂಬಾ ತಾತನ ಮಂಡಿ ನೆಟ್ಟಗಾಗುವುದು ನೀರಿನ ಅಲುಗಾಟದಲ್ಲಿ ತಿಳಿಯಿತು. ನನ್ನ ಮಂಡಿ ನನ್ನನ್ನು ಕೇಳಲೇ ಇಲ್ಲ.

ಎಂಟೂ ಜನ ಎದ್ದೆವು. ಹಲಗೆ ಸಮನಾಗಿಯೇ ಇತ್ತು.

ಮೊದಲು ಮೇಲೆದ್ದದ್ದು ಅರಸ. ಹೊಳೆಯ ಮೇಲೆ ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಆಕಾಶಕ್ಕೆ ಏರತೊಡಗಿದ್ದನ್ನು ಕಂಡು ಜನ ಹುಚ್ಚೆದ್ದು ಕೂಗಿದರು, ಹಿಡಿ ಹಿಡಿ ಮಣ್ಣು ತಲೆಗೆ ಸುರಿದುಕೊಂಡರು. ದಡದಲ್ಲಿ ಮಾದಿಯೂ ಬೆಚ್ಚಿರಬೇಕು, ಆದರೆ ಅವನ ನಾಲಗೆ ಅವನಿಗಿಂತ ಚುರುಕು. ಹೊಳೆ ಸಾಲದೆ ನಮ್ಮ ಸಿಂಹ ಗಾಳಿಯ ಮೇಲೂ ಹೆಜ್ಜೆ ಇಟ್ಟಿದೆ ಅಂತ ಸಾರಿಬಿಟ್ಟ. ಅಷ್ಟರಲ್ಲಿ ಹಲಗೆಯ ಅಂಚು ಕಾಣಿಸಿತು. ಅದರ ಕೆಳಗೆ, ಜೊಂಡು ತೂಗಾಡಿಸಿಕೊಂಡು, ಕೆಸರು ಸುರಿಸಿಕೊಂಡು, ನಮ್ಮ ಎಂಟು ಮುಖಗಳು ಬಂದವು.

ಕೂಗು ನಿಂತಿತು. ಮಾದಿ ಒಮ್ಮೆ ಗಂಟಲು ಸರಿಮಾಡಿಕೊಂಡು, ಹೊಳೆಯ ದೇವತೆಗಳೇ ಎದ್ದು ಬಂದು ಸಿಂಹವನ್ನು ತಲೆಯ ಮೇಲೆ ಹೊತ್ತಿವೆ, ಕಣ್ತುಂಬ ನೋಡಿ ಅಂದ. ಕೆಲವರು ಅಡ್ಡಬಿದ್ದರು ಕೂಡ. ಹಿಂದಿನಿಂದ ಒಬ್ಬ ಅಗಸಗಿತ್ತಿಯ ದನಿ ಸ್ಪಷ್ಟವಾಗಿ ಕೇಳಿಬಂತು.

“ಎರಡನೇ ದೇವತೆ ನಮ್ ದೊಂಬಾ ತಾತನಂಗೇ ಅದಲ್ಲವ್ವಾ. ಅದೇ ಮುರುಕಲು ಹಲ್ಲು.”

ದೊಂಬಾ ತಾತ ಅವಳ ಕಡೆಗೆ ತಿರುಗಿ ಆ ಹಲ್ಲನ್ನೇ ತೋರಿಸಿದ. ನಗು ಹಿಂದಿನ ಸಾಲಿನಲ್ಲಿ ಹುಟ್ಟಿ ಮುಂದಕ್ಕೆ ಹರಿದು ಬಂತು.

“ಕೂತ್ಕೊಳ್ರೋ,” ಅಂತ ಮೇಲಿನಿಂದ ಒಂದು ದನಿ ಬಂತು. ನಮ್ಮ ಹಾಗೇ ಇದ್ದ ದನಿ. ಸ್ವಲ್ಪ ಶೀತ ಆದವನ ದನಿ.

“ಕೇಳುಸ್ನಿಲ್ಲ ಬುದ್ದಿ,” ಅಂದಳು ಸಾನಾಬಾ.

“ಕೆಳಗೆ ಹೋಗಿ ಅಂದೆ. ಎಂಟೂ ತಲೆ ತೆಗೆಸ್ತೀನಿ.”

“ತೆಗ್ಸಿ. ಆದ್ರೆ ಯಾರ್ದು ಅಂತ ಹೇಳ್ತೀರ ಬುದ್ದಿ? ಕೆಳಗೆ ಯಾರೂ ಇರ್ನಿಲ್ವಂತೆ.”

ದೋಣಿ ಯಾವುದೂ ಹತ್ತಿರವಿರಲಿಲ್ಲ, ಹಬ್ಬದ ದಿನ ಆ ನೀರಿನಲ್ಲಿ ದೋಣಿ ಬಿಡುವಂತಿಲ್ಲ. ಕಾವಲಿನವರು ದಡದ ಅಂಚಿಗೆ ಓಡಿಬಂದು ಅಲ್ಲೇ ನಿಂತರು. ತಳವಿಲ್ಲದ ಹೊಳೆಗೆ ಇಳಿಯಬಹುದೋ ಇಲ್ಲವೋ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಸಾನಾಬಾಗೆ ಮುಖ ಮೇಲೆತ್ತಲು ಹಲಗೆ ಅಡ್ಡವಾಗಿತ್ತು, ಎದುರಿನ ನೀರಿಗೇ ಮಾತಾಡಿದಳು. “ಹೋದ್ವರ್ಷ ನಿಮ್ ಪಾದದ ಕೆಳಗೆ ಫಾಬು ಸತ್ತ. ಇದೊಂದು ಮಾತ ನಿಮ್ ಬಾಯಿಂದ್ಲೇ ಜನಕ್ಕೆ ಹೇಳಿ. ಮರಳುದಿಬ್ಬುಕ್ಕೆ ನಿಮ್ಮುನ್ನ ಹೂವಿನಂಗೆ ಇಳಿಸ್ತೀವಿ.”

“ಫಾಬು ಯಾರು?” ಅಂದ ಅರಸ.

ಅವನು ಅಣಕಿಸಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ ಅವನಿಗೆ. ಅಷ್ಟು ಹೊತ್ತು ನನಗೆ ಹೆದರಿಕೆಯಿತ್ತು, ಆ ಎರಡು ಮಾತಿನಿಂದ ಅದು ಹೊರಟುಹೋಯಿತು. ಹಲಗೆಗೆ ಅಂಟಿಕೊಂಡಿದ್ದ ಆ ಬೆರಳುಗಳನ್ನು ಬಿಡಿಸಿದವನು ನಾನು.

ಮೇಲೆ ಕತ್ತಿ ಒರೆಯಿಂದ ಹೊರಬಂದ ಸದ್ದಾಯಿತು. ಅವನು ಬಗ್ಗಿ ಯಾರನ್ನಾದರೂ ಇರಿಯಲು ಅಂಚಿಗೆ ಬಂದ. ಆಮೇಲೆ ನಾವು ಬೀಳಿಸಿದೆವೋ ಅವನೇ ಬಿದ್ದನೋ ಎಂದು ಇವತ್ತಿಗೂ ರೇವಿನಲ್ಲಿ ಜಗಳ ನಡೆಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ತಲೆಯನ್ನು ಸ್ವಲ್ಪ ಓರೆ ಮಾಡಿದ್ದು ನಿಜ.

ಏಳು ಊರು ಗೆದ್ದವನು ಪಕ್ಕೆಯ ಮೇಲೆ ನೀರಿಗೆ ಬಿದ್ದ. ಮುಳುಗಿದ. ಆಮೇಲೆ ಅವನು ಎದ್ದು ನಿಂತ. ನೀರು ಅವನ ಎದೆಗೆ ಬಂದಿತ್ತು, ಅಷ್ಟೆ. ಸಿಂಹದ ಬಾಲ ಹೊಲಿದಿದ್ದ ಟೊಪ್ಪಿಗೆ ತೇಲಿಕೊಂಡು ಕೆಳಕ್ಕೆ ಹೋಯಿತು. ಅವನು ಅದನ್ನು ನೋಡಿದ, ನಮ್ಮನ್ನು ನೋಡಿದ, ಕತ್ತಿಗಾಗಿ ಕಾಲಲ್ಲಿ ತಡವಿ ಸಿಗದೆ ದಡದ ಕಡೆಗೆ ನಡೆಯತೊಡಗಿದ. ಕೆಸರು ಒಂದೊಂದು ಹೆಜ್ಜೆಗೂ ಹಿಡಿದು ಎಳೆಯುತ್ತಿತ್ತು. ಜನ ಎರಡು ಕೈಯಲ್ಲೂ ಮಣ್ಣು ಹಿಡಿದುಕೊಂಡು, ಸುರಿದುಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ಮಾದಿಯ ಬಾಯಿ ತೆರೆದೇ ಇತ್ತು, ಅದರೊಳಗೆ ಏನೂ ಇರಲಿಲ್ಲ.

ಆಗ ಸಾನಾಬಾ ಹಲಗೆಯನ್ನು ತಲೆಯಿಂದ ತಳ್ಳಿ, ಎರಡು ಕೈಯನ್ನೂ ನೆತ್ತಿಯ ಮೇಲಿಟ್ಟುಕೊಂಡು, ಗಂಡನ ಹೆಸರು ಹಿಡಿದು ಕೂಗಿದಳು. ಸತ್ತವರನ್ನು ಕಳಿಸಿಕೊಡುವ ಕೂಗು ಅದು, ಉದ್ದಕ್ಕೆ ಎಳೆದು ಕೊನೆಯಲ್ಲಿ ಮುರಿಯುವುದು. ಒಂದು ವರ್ಷದಿಂದ ಅವಳ ಗಂಟಲಲ್ಲಿ ಕೂತಿತ್ತು. ದಡದ ಕೊನೆಯ ಸಾಲಿನಿಂದ ನಮ್ಮ ಕೇರಿಯ ಹೆಂಗಸರು ಅದಕ್ಕೆ ದನಿ ಕೊಟ್ಟರು. ಆಮೇಲೆ ಅಗಸಗಿತ್ತಿಯರು, ಫಾಬು ಯಾರೆಂದು ತಿಳಿಯದಿದ್ದ ಮೀನಿನವರು ಕೂಡ. ಅರಸ ದಡ ಸೇರುವವರೆಗೂ ಅವನ ಕಿವಿಗೆ ಆ ಹೆಸರು ಬೀಳುತ್ತಲೇ ಇತ್ತು.

ಆ ಗದ್ದಲದಲ್ಲಿ ನಾವು ಚದುರಿದೆವು. ಒಂಬತ್ತು ದಿನ ಕೇರಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಹತ್ತನೆಯ ದಿನ ಮಾದಿ ಬಂದು ಡೋಲು ಹೊಡೆಸಿ, ಅರಸರು ಹಬ್ಬದ ದಿನ ಹೊಳೆಯ ನಡುವೆ ಸ್ನಾನ ಮಾಡಲು ಮನಸ್ಸು ಮಾಡಿದರು ಅಂತ ಸಾರಿದ. ನಮ್ಮನ್ನು ಶಿಕ್ಷಿಸಬೇಕಾದರೆ ನಾವು ಅಲ್ಲಿದ್ದೆವು ಅಂತ ಮೊದಲು ಒಪ್ಪಬೇಕು, ಅದನ್ನು ಒಪ್ಪಲು ಅರಮನೆಯಲ್ಲಿ ಯಾರೂ ತಯಾರಿರಲಿಲ್ಲ.

ಹಾಗಂತ ಬಿಟ್ಟರು ಅಂದುಕೊಳ್ಳಬೇಡಿ. ಮಳೆ ಶುರುವಾಗುವ ಮೊದಲು ದೊಂಬಾ ತಾತನ ಗುಡಿಸಲಿನಲ್ಲಿ ಉಪ್ಪಿನ ತುಂಡು ಸಿಕ್ಕಿತು ಅಂತ ಕಳ್ಳತನ ಹೊರಿಸಿ, ಮರಳುಗಾಡಿನ ಉಪ್ಪಿನ ಗುಂಡಿಗೆ ಕಳಿಸಿದರು. ಒಂಟೆಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಹೋಗುವಾಗ ಅವನು ನಮ್ಮ ಕಡೆ ತಿರುಗಿ, “ಇಷ್ಟ್ ದಿನ ಉಪ್ಪೇ ನನ್ನ ಹುಡಿಕ್ಕಂಡ್ ಬತ್ತಿತ್ತು, ಈಗ ನಾನೇ ಹೋಯ್ತಿವ್ನಿ ನೋಡು, ಮರ್ಯಾದೆ ಅಲ್ವೇನ್ಲಾ,” ಅಂದ. ನಾವು ನಕ್ಕೆವು. ಅವನು ಹಿಂದಿರುಗಿ ಬರಲಿಲ್ಲ. ಆ ಗುಂಡಿಯಿಂದ ಯಾರೂ ಬರುವುದಿಲ್ಲ. ಈಗಲೂ ಚಪ್ಪಡಿ ತಲೆಗೆ ಏರಿಸಿಕೊಂಡಾಗ ಇದನ್ನು ಅವನೇ ಕಡಿದಿರಬಹುದು ಅನ್ನಿಸುತ್ತದೆ.

ಬಾಲಾಮಿನ್‌ನ ರೇವಿನ ಅಧಿಕಾರ ಹೋಯಿತು. ಹೊಳೆ ಇಳಿದ ಮೇಲೆ ಜನ ಆ ಜಾಗದಲ್ಲಿ ಸುಮ್ಮನೆ ನಡೆದು ದಾಟಲು ಶುರುಮಾಡುತ್ತಾರೆಂದು ಅರಮನೆಗೆ ಭಯ ಹತ್ತಿತ್ತು. ಹೊಳೆಗೆ ತಳವಿಲ್ಲ, ಇಳಿದವರು ಸಾಯುತ್ತಾರೆ ಅಂತ ಎಚ್ಚರಿಸಲು ಅಲ್ಲಿ ಹಗಲೆಲ್ಲ ನಿಲ್ಲುವ ಕಾವಲೊಂದನ್ನು ಹಾಕಿದರು. ಆ ಕಾವಲು ಸಿಕ್ಕಿದ್ದು ಅವನಿಗೆ. ದಡದಲ್ಲಿ ನಿಂತರೆ ಜನ ಅತ್ತ ಇತ್ತ ನುಸುಳುತ್ತಿದ್ದರು, ಅದಕ್ಕೆ ಅವನು ಹೊಳೆಯೊಳಗೇ ಹೋಗಿ ನಿಲ್ಲುತ್ತಿದ್ದ. ಸೊಂಟದವರೆಗೆ ನೀರು, ಕೈಯಲ್ಲಿ ಅದೇ ಚಾವಟಿ. ಬೆಳಗಿನಿಂದ ಸಂಜೆಯವರೆಗೆ, ತಳವಿಲ್ಲ, ಹಿಂದೆ ಹೋಗಿ, ತಳವಿಲ್ಲ ಅಂತ ಕೂಗುತ್ತಿದ್ದ.

ಒಂದು ದಿನ ಬೆಳಿಗ್ಗೆ ಸಾನಾಬಾ ಉಪ್ಪಿನ ಚಪ್ಪಡಿಯನ್ನು ಹೊತ್ತುಕೊಂಡು, ದೋಣಿಯ ಕಡೆ ಹೋಗದೆ ನೇರವಾಗಿ ಅಲ್ಲಿಗೆ ಇಳಿದಳು. ಅವಳು ಬಿಳಿ ಬಟ್ಟೆ ಉಟ್ಟಿದ್ದಳು, ತಲೆ ನುಣ್ಣಗೆ ಬೋಳಿಸಿಕೊಂಡಿದ್ದಳು. ಬಾಲಾಮಿನ್ ಚಾವಟಿ ಎತ್ತಿದ. ಅವಳು ಅವನಿಂದ ಒಂದು ಮಾರು ದೂರದಲ್ಲಿ ನಿಂತು, ಅವನ ಸೊಂಟದ ಸುತ್ತ ತಿರುಗುತ್ತಿದ್ದ ನೀರನ್ನು ನೋಡಿದಳು.

“ಬುದ್ದಿ, ನೀವು ಯಾವುದ್ರ ಮೇಲೆ ನಿಂತಿವ್ರಿ?”

ಬಾಲಾಮಿನ್ ತನ್ನ ಕಾಲಿನ ಕಡೆ ನೋಡಿಕೊಂಡ. ರಾಡಿ ನೀರು, ಏನೂ ಕಾಣುತ್ತಿರಲಿಲ್ಲ. ಅವನು ತಲೆ ಎತ್ತುವಷ್ಟರಲ್ಲಿ ಅವಳು ಪಕ್ಕದಿಂದ ಹಾದುಹೋದಳು. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಬಟ್ಟೆ ಎತ್ತಿ ಕಟ್ಟಿ ಅವಳ ಹಿಂದೆ ಇಳಿದಳು. ಅವಳ ಹಿಂದೆ ನಾನು ಇಳಿದೆ. ನೀರು ತಣ್ಣಗಿತ್ತು. ಮುಖ ಮೇಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡು ಆ ಹೊಳೆ ದಾಟಿದ್ದು ಅದೇ ಮೊದಲು. ಆಚೆ ದಡದಲ್ಲಿ ಇಷ್ಟೊಂದು ಮರಗಳಿವೆ ಅಂತ ನನಗೆ ಗೊತ್ತೇ ಇರಲಿಲ್ಲ.